84 ಎಂದು ಬರೆದ ಬಾಟಲಿ, 38 ಡಿಗ್ರಿಯ ಶೆಡ್ಡು

ಸೀಸನ್ ಮುಗಿದು ಮಿಲ್ ಬಿಚ್ಚಿದ ಮೇಲೆ ಮುಧೋಳದ ಕಡೆಯ ನಮ್ಮ ಸಕ್ಕರೆ ಕಾರ್ಖಾನೆಯಲ್ಲಿ ನಾನು ಮೊದಲು ಕೈ ಹಾಕುವುದು ಕಂಡೆನ್ಸೇಟ್ (ಉಗಿ ತಣಿದು ಆದ ನೀರು) ಲೈನಿನ ಕಂಡಕ್ಟಿವಿಟಿ ಮೀಟರಿಗೆ, ಅಂದರೆ ನೀರು ಎಷ್ಟು ವಿದ್ಯುತ್ ಹರಿಸುತ್ತದೆ ಎಂದು ಅಳೆಯುವ ಮೀಟರಿಗೆ.

ಇವಾಪೊರೇಟರಿನಲ್ಲಿ ಕಬ್ಬಿನ ಹಾಲು ಕಾಯಿಸಿದ ಉಗಿ ನೀರಾಗಿ ಬಾಯ್ಲರಿಗೆ ಮರಳುತ್ತದೆ. ಟ್ಯೂಬ್ ತೂತಾದರೆ ಹಾಲೂ ಅದರೊಳಗೆ ಸೇರಬಹುದು. ಬಾಯ್ಲರಿನ ಬಿಸಿಗೆ ಸಕ್ಕರೆ ಒಡೆದು ಆಮ್ಲವಾಗುತ್ತದೆ, ನೀರು ನೊರೆಯೇಳುತ್ತದೆ. ಮೀಟರು ಸಕ್ಕರೆಯನ್ನು ಹಿಡಿಯುತ್ತದೆ ಎಂದು ಬಹಳ ಜನ ತಿಳಿದಿದ್ದಾರೆ. ಸಕ್ಕರೆ ವಿದ್ಯುತ್ ಹರಿಸುವುದೇ ಇಲ್ಲ. ಮೀಟರಿಗೆ ಸಿಗುವುದು ಹಾಲಿನ ಜೊತೆ ಬಂದ ಪೊಟ್ಯಾಸಿಯಂನಂಥ ಲವಣಗಳು. ಅದಕ್ಕೇ ಲ್ಯಾಬಿನವರು ಆಲ್ಫಾ ನ್ಯಾಫ್ತಾಲ್ ಹಾಕಿ, ಸಕ್ಕರೆಯಿದ್ದರೆ ಬರುವ ನೇರಳೆ ಬಣ್ಣ ನೋಡುವುದನ್ನು ಬಿಟ್ಟಿಲ್ಲ.

ಕೆಲವು ವರ್ಷದ ಹಿಂದೆ ಒಂದು ಮೇ ತಿಂಗಳಲ್ಲಿ ನಾನೇ ತಪ್ಪು ಮಾಡಿದ್ದೆ. ಶೆಡ್ಡಿನೊಳಗೆ 38 ಡಿಗ್ರಿ. ಮೀಟರನ್ನು ಸರಿಹೊಂದಿಸುವ ಸ್ಟ್ಯಾಂಡರ್ಡ್ ದ್ರಾವಣದ ಬಾಟಲಿ ಮೇಲೆ 84 ಮೈಕ್ರೋಸೀಮೆನ್ಸ್ (ಕಂಡಕ್ಟಿವಿಟಿಯ ಅಳತೆ) ಎಂದಿತ್ತು, ಅದನ್ನೇ ಮೀಟರಿಗೆ ಒತ್ತಿದೆ. ಆ 84 ಎನ್ನುವುದು 25 ಡಿಗ್ರಿಯ ಲೆಕ್ಕ. ಪೊಟ್ಯಾಸಿಯಂ ಕ್ಲೋರೈಡ್ ದ್ರಾವಣ ಡಿಗ್ರಿಗೆ ಸುಮಾರು ಶೇಕಡಾ 2ರಂತೆ ಏರುತ್ತದೆ, ಅಂದರೆ ಆ ಹೊತ್ತಿಗೆ ಅದು ಸುಮಾರು 105. ಟ್ರಾನ್ಸ್‌ಮಿಟರಿನಲ್ಲಿ (ಮೀಟರಿನ ಅಂಕೆ ತೋರಿಸುವ ಪೆಟ್ಟಿಗೆ) ತಾಪಮಾನ ಕಾಂಪೆನ್ಸೇಷನ್, ಅಂದರೆ ಅಂಕೆಯನ್ನು 25 ಡಿಗ್ರಿಯ ಲೆಕ್ಕಕ್ಕೆ ತರುವ ವ್ಯವಸ್ಥೆ, ಆಫ್ ಆಗಿದ್ದದ್ದನ್ನು ನಾನು ನೋಡಿರಲಿಲ್ಲ. ಸೀಸನ್ ಶುರುವಾಗುವಾಗ ಅದನ್ನು ಆನ್ ಮಾಡಿದರು. 105 ಇದ್ದದ್ದನ್ನು ನಾನು 84 ಎಂದು ಒತ್ತಿದ್ದರಿಂದ ಅಂದಿನಿಂದ ಮೀಟರು 20 ಇರುವಲ್ಲಿ 16 ತೋರಿಸುತ್ತಿತ್ತು. ಹೆಚ್ಚು ತೋರಿಸಿದ್ದರೆ ಒಳ್ಳೆಯ ನೀರು ಸುಮ್ಮನೆ ಗಟಾರಕ್ಕೆ ಹೋಗುತ್ತಿತ್ತು, ಅಷ್ಟೇ. ಕಡಿಮೆ ತೋರಿಸಿದರೆ ಕೆಟ್ಟ ನೀರನ್ನು ಗಟಾರಕ್ಕೆ ಬಿಡುವ ಡಂಪ್ ವಾಲ್ವ್ ತಡವಾಗಿ ತೆರೆಯುತ್ತದೆ, ಕೆಟ್ಟ ನೀರು ಬಾಯ್ಲರಿಗೆ ಸೇರುತ್ತದೆ. ಲ್ಯಾಬಿನ ಮೀಟರಿಗೂ ನಮ್ಮದಕ್ಕೂ ತಾಳೆಯಾಗದೆ ಲ್ಯಾಬಿನವರು ಫೋನ್ ಮಾಡಿದ್ದರಿಂದ ಸಿಕ್ಕಿತು. ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಈ ಸಲ ಐಟಿಐ ಮುಗಿಸಿ ಬಂದ ಹುಡುಗನನ್ನು ಜೊತೆಗೆ ಕೂರಿಸಿಕೊಂಡೆ. ಮೀಟರಿನ ಸೆಲ್ಲಿಗೆ (ಎಲೆಕ್ಟ್ರೋಡ್ ಇರುವ, ನೀರನ್ನು ಮುಟ್ಟುವ ಭಾಗ) ಹಿಡಿದಿದ್ದ ಬಿಳಿ ಪದರವನ್ನು ತೆಳು ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಬಿಡಿಸಿ, ಡಿಸ್ಟಿಲ್ಡ್ ನೀರಲ್ಲಿ ತೊಳೆದು, ಆಮೇಲೆ ಸ್ಟ್ಯಾಂಡರ್ಡ್ ದ್ರಾವಣವನ್ನೇ ಸ್ವಲ್ಪ ಸುರಿದು ಎರಡು ಸಲ ಜಾಲಿಸಿದೆವು. ಜಾಲಿಸಿದ್ದನ್ನು ಬಾಟಲಿಗೆ ಮರಳಿ ಹಾಕಬಾರದು. 84ರಂಥ ತೆಳು ದ್ರಾವಣ ತೆರೆದಿಟ್ಟರೆ ಗಾಳಿಯ ಕಾರ್ಬನ್ ಡೈಆಕ್ಸೈಡ್ ಕರಗಿಯೇ ಅಂಕೆ ಸರಿಯುತ್ತದೆ, ಅದಕ್ಕೆ ಬಾಟಲಿ ತೆರೆದ ಕೂಡಲೇ ಕೆಲಸ ಮುಗಿಸಬೇಕು. ಎಲೆಕ್ಟ್ರೋಡಿಗೆ ಗುಳ್ಳೆ ಅಂಟದಂತೆ ಸೆಲ್ಲನ್ನು ಮೆಲ್ಲಗೆ ತಟ್ಟಿದೆ.

"ಸರ್ರ, ಬಾಟ್ಲಿ ಮ್ಯಾಲ 84 ಐತಿ, ಇದು 105 ತೋರ್ಸಾಕತ್ತೈತ್ರೀ. ಒತ್ತಲೇನ್ರೀ?"

"ತಡಿಯೋ ತಮ್ಮಾ. ಮೊದಲ ಕಾಂಪೆನ್ಸೇಷನ್ ಆನ್ ಐತೇನ್ ನೋಡು."

ಇರಲಿಲ್ಲ. ಆನ್ ಮಾಡಿದ. ಸೆನ್ಸರಿನ ತಾಪಮಾನವನ್ನು ಥರ್ಮಾಮೀಟರಿಗೆ ಹೋಲಿಸಿದೆವು, ಎರಡೂ ಒಂದೇ. ಐದು ನಿಮಿಷ ಕಾದೆವು. ಅಂಕೆ 83.6ಕ್ಕೆ ಬಂದು ನಿಂತಿತು. ಆಗಲೇ 84 ಒತ್ತಿಸಿದೆ. ತಾರೀಖು, ದ್ರಾವಣದ ತಾಪಮಾನ, ಹೊಸ ಸೆಲ್ ಕಾನ್‌ಸ್ಟಂಟ್ (ಆ ಸೆಲ್ಲಿಗೆ ಮೀಟರು ಬಳಸುವ ಗುಣಕ), "ಕಾಂಪೆನ್ಸೇಷನ್ ಆನ್" ಎಂದು ಅವನ ಕೈಯಲ್ಲೇ ಚೀಟಿ ಬರೆಸಿ ಟ್ರಾನ್ಸ್‌ಮಿಟರಿನ ಮುಚ್ಚಳದ ಒಳಗೆ ಅಂಟಿಸಿದೆವು.