ಡೌನಿಯ ಅಣ್ಣತಮ್ಮಂದಿರು

ನಿನ್ನೆ ರಾತ್ರಿ ಪಾತ್ರೆ ತೊಳೆಯುತ್ತಾ ದಿ ಬ್ಲಾಸ್ಟರ್ಸ್ ಅನ್ನೋ ಅಮೆರಿಕನ್ ಬ್ಯಾಂಡಿನ ಹಾಡು ಹಾಕಿಕೊಂಡಿದ್ದೆ. ಮೂರನೇ ಹಾಡಿಗೆ ನಲ್ಲಿ ನಿಲ್ಲಿಸಿ ಸುಮ್ನೆ ನಿಂತುಬಿಟ್ಟೆ.

ಆ ಬ್ಯಾಂಡಿನ ಅಣ್ಣತಮ್ಮಂದಿರು ಫಿಲ್ ಆಲ್ವಿನ್, ಡೇವ್ ಆಲ್ವಿನ್. ಲಾಸ್ ಏಂಜಲೀಸ್ ಹತ್ತಿರದ ಡೌನಿಯವರು. 1979ರಲ್ಲಿ ಬ್ಯಾಂಡ್ ಕಟ್ಟಿದಾಗ ಅಲ್ಲೆಲ್ಲ ಪಂಕ್‌ನ ಕಾವು, ಅಂದರೆ ವೇಗದ, ಒರಟು ರಾಕ್ ಸಂಗೀತದ್ದು. ಎಕ್ಸ್, ಬ್ಲ್ಯಾಕ್ ಫ್ಲ್ಯಾಗ್‌ನಂಥ ಪಂಕ್ ಬ್ಯಾಂಡ್‌ಗಳು ನುಡಿಸಿದ ವೇದಿಕೆಗಳಲ್ಲೇ ಇವರೂ ನುಡಿಸಿದರು. ಆದರೆ ಹುಡುಗರಾಗಿದ್ದಾಗಲೇ ಇವರಿಗೆ ಹಳೆಯ ಬ್ಲೂಸ್ ಹಾಡುಗಾರ ಬಿಗ್ ಜೋ ಟರ್ನರ್ ಹುಚ್ಚು. ರೆಕಾರ್ಡ್ ಕೇಳಿ ಸುಮ್ಮನಾಗಲಿಲ್ಲ, ಕ್ಲಬ್ಬಿಗೆ ಹೋಗಿ ಎದುರಿಗೇ ಕೂತು ಕೇಳಿದರು.

ಟರ್ನರ್ ಹಾಡುತ್ತಿದ್ದ ಜಂಪ್ ಬ್ಲೂಸ್ 1940ರ ದಶಕದ ಕುಣಿತದ ಸಂಗೀತ. ದೊಡ್ಡ ಬ್ಯಾಂಡ್‌ಗಳು ಚಿಕ್ಕದಾದವು, ಸ್ಯಾಕ್ಸೊಫೋನ್ ಮುಂದೆ ಬಂತು. ರಾಕಬಿಲಿ ಅದರ ನಂತರದ್ದು, ಬ್ಲೂಸ್ ಜೊತೆ ಹಳ್ಳಿಗಾಡಿನ ಕಂಟ್ರಿ ಸಂಗೀತ ಬೆರೆತದ್ದು. ಅದರಲ್ಲಿ ಬಾಸ್ ಅನ್ನೋ ದೊಡ್ಡ ತಂತಿವಾದ್ಯದ ತಂತಿ ಎಳೆದು ಬಿಟ್ಟಾಗ ಹಲಗೆಗೆ ಬಡಿಯುವ ಆ ಟಕಟಕ ಇದೆಯಲ್ಲ, ಅದು ನನಗೆ ತುಂಬಾ ಇಷ್ಟ. ಬ್ಲಾಸ್ಟರ್ಸ್ ಇದಕ್ಕೆಲ್ಲ ಪಂಕ್‌ನ ಅವಸರ ಸೇರಿಸಿದರು. ಕೆಡಬೇಕಿತ್ತು, ಅಲ್ವಾ? ಕೆಡಲಿಲ್ಲ. ವೇಗ ಜಾಸ್ತಿಯಾಯಿತು, ತಾಳದ ತೂಗಾಟ ಮಾತ್ರ ಹಾಗೇ ಉಳಿಯಿತು. ಮೂರೂ ಮೊದಲಿಂದ ಕಾಲು ಕುಣಿಸುವ ಸಂಗೀತಗಳೇ ತಾನೇ.

ನನ್ನನ್ನು ನಿಲ್ಲಿಸಿದ್ದು ಸ್ಯಾಕ್ಸೊಫೋನ್. ನುಡಿಸಿದವರು ಲೀ ಆಲನ್. 1950ರ ದಶಕದ ರಾಕ್ ಅಂಡ್ ರೋಲ್ ಗಾಯಕರಾದ ಲಿಟಲ್ ರಿಚರ್ಡ್, ಫ್ಯಾಟ್ಸ್ ಡಾಮಿನೊ ರೆಕಾರ್ಡ್‌ಗಳಲ್ಲಿ ಕೇಳುವ ಅದೇ ಉಸಿರು. ಹುಡುಗರು ತಾವು ಆರಾಧಿಸಿದ ಹಿರಿಯರನ್ನೇ ಕರೆತಂದು ಪಕ್ಕದಲ್ಲಿ ನಿಲ್ಲಿಸಿಕೊಂಡರು. ಆಲನ್‌ಗೆ ಆಗ ವಯಸ್ಸು ಐವತ್ತು ದಾಟಿತ್ತು. ಅದನ್ನು ನೆನೆದರೆ ಈಗಲೂ ಗಂಟಲು ಕಟ್ಟುತ್ತದೆ. ಇವತ್ತು ಬೆಳಗ್ಗೆ ಎದ್ದ ತಕ್ಷಣ ಮತ್ತೆ ಅದೇ ಹಾಡು ಹಾಕಿದೆ.