ನಿಮ್ಮ ನಂಬರಿಂದ ಮಿಸ್ಡ್ ಕಾಲ್ ಇತ್ತು

ಗುರುತಿಲ್ಲದ ನಂಬರಿಂದ ಮಿಸ್ಡ್ ಕಾಲ್ ಬಂದರೆ ನಾನು ವಾಪಸ್ ಮಾಡುವುದಿಲ್ಲ. ನಾಲ್ಕೈದು ವರ್ಷದಿಂದ ಬಿಡದೆ ಪಾಲಿಸಿಕೊಂಡು ಬಂದ ನಿಯಮ ಇದು. ಬೇಕಾದವರು ಮತ್ತೆ ಮಾಡುತ್ತಾರೆ, ಇಲ್ಲವೇ ಒಂದು ಮೆಸೇಜ್ ಹಾಕುತ್ತಾರೆ. ಎರಡೂ ಮಾಡದವರಿಗೆ ನನ್ನಿಂದ ಅಂಥ ದೊಡ್ಡ ಕೆಲಸ ಏನೂ ಇರಲಿಲ್ಲ ಎಂದು ಲೆಕ್ಕ.

ಪೆಟ್ಟು ತಿಂದ ಮೇಲೆ ಹುಟ್ಟಿದ ನಿಯಮ ಅದು. ಒಂದು ರಾತ್ರಿ ಫೋನು ಒಂದೇ ಸಲ ರಿಂಗ್ ಆಗಿ ನಿಂತಿತು. ಹೊತ್ತಲ್ಲದ ಹೊತ್ತಿನಲ್ಲಿ ಬಂದ ಕರೆ, ಯಾರಿಗೆ ಏನಾಯಿತೋ ಎಂದು ನಿದ್ದೆಗಣ್ಣಲ್ಲೇ ವಾಪಸ್ ಮಾಡಿದೆ. ಆ ಕಡೆ ರಿಂಗ್ ಆಗುತ್ತಲೇ ಇತ್ತು. ಎತ್ತುತ್ತಾರೆ, ಎತ್ತುತ್ತಾರೆ ಅಂತ ಕಾದೆ. ಬೆಳಗ್ಗೆ ನೋಡಿದರೆ ಬ್ಯಾಲೆನ್ಸ್ ಪೂರ್ತಿ ಖಾಲಿ. ನಂಬರನ್ನು ಕಣ್ಣುಬಿಟ್ಟು ನೋಡಿದ್ದು ಆಗಲೇ. ಶುರುವಿನಲ್ಲೇ +222 ಇತ್ತು. ಅದು ಆಫ್ರಿಕಾದ ಮಾರಿಟೇನಿಯಾ ದೇಶದ ಕೋಡ್. ಅಲ್ಲಿ ನನಗೆ ನೆಂಟರಿಲ್ಲ.

ಈ ಮೋಸಕ್ಕೆ 'ವಾನ್‌ಗಿರಿ' ಅಂತ ಹೆಸರು. ಜಪಾನಿ ಮಾತು, ಒಂದು ರಿಂಗ್ ಕೊಟ್ಟು ಕಟ್ ಮಾಡುವುದು ಎಂದು ಅರ್ಥ. 2000ರ ದಶಕದ ಶುರುವಿನಲ್ಲಿ ಜಪಾನಿನಲ್ಲಿ ಇದರ ಹಾವಳಿ ಜೋರಾಗಿತ್ತು, ಆಮೇಲೆ ಲೋಕವೆಲ್ಲ ಹರಡಿತು. ಯಂತ್ರವೊಂದು ಸಾವಿರಾರು ನಂಬರಿಗೆ ಒಂದೊಂದು ರಿಂಗ್ ಕೊಡುತ್ತಾ ಹೋಗುತ್ತದೆ. ಯಾರೂ ಎತ್ತದ ಕರೆಗೆ ದುಡ್ಡು ಬೀಳುವುದಿಲ್ಲವಲ್ಲ, ಹಾಗಾಗಿ ಅವರಿಗೆ ಹೆಚ್ಚುಕಮ್ಮಿ ಪುಕ್ಕಟೆ ಕೆಲಸ. ನಮ್ಮಂಥವರು ವಾಪಸ್ ಮಾಡಿದಾಗ ನಿಮಿಷಕ್ಕೆ ದುಬಾರಿ ದರ ಬೀಳುತ್ತದೆ, ಅದರಲ್ಲೊಂದು ಪಾಲು ಅವರ ಜೇಬಿಗೆ. ಎಷ್ಟೋ ಸಲ ಆ ಕಡೆ ಕೇಳಿಸುವ ರಿಂಗ್ ಕೂಡ ರೆಕಾರ್ಡಿಂಗ್ ಅಂತೆ. ಕರೆ ಆಗಲೇ ಸೇರಿಬಿಟ್ಟಿರುತ್ತದೆ, ಮೀಟರ್ ಓಡುತ್ತಿರುತ್ತದೆ, ನಾವು ಮಾತ್ರ ಕಾಯುತ್ತಾ ಕೂತಿರುತ್ತೇವೆ. ಯಾರೋ ತುಂಬ ಯೋಚನೆ ಮಾಡಿದ್ದಾರೆ. ಮೋಸ ಹೋದ ಸಿಟ್ಟಿನಲ್ಲೂ ಅಷ್ಟನ್ನು ಒಪ್ಪಲೇಬೇಕಾಯಿತು.

ಅವತ್ತಿನಿಂದ ಪ್ಲಸ್ ಚಿಹ್ನೆಯ ಪಕ್ಕ ಏನಿದೆ ಎಂದು ನೋಡದೆ ಬೆರಳು ಮುಂದೆ ಹೋಗಲ್ಲ. ಇಷ್ಟೆಲ್ಲ ಹುಷಾರಿದ್ದೇನೆ ಅಂದುಕೊಂಡಿದ್ದಾಗಲೇ ಆ ಮಂಗಳವಾರ ಬಂತು.

ಬೆಳಗ್ಗೆಯಿಂದ ಒಂದು ಕೆಲಸ ಹಿಡಿದು ಕೂತಿದ್ದೆ. ಫೋನು ಸೈಲೆಂಟಾಗಿ ಬೇರೆ ರೂಮಿನಲ್ಲಿ ಚಾರ್ಜಿಗೆ ಬಿದ್ದಿತ್ತು. ಹನ್ನೆರಡರ ಹೊತ್ತಿಗೆ ಹೋಗಿ ನೋಡಿದರೆ 11 ಮಿಸ್ಡ್ ಕಾಲ್. ಒಂದೂ ಗೊತ್ತಿರುವ ನಂಬರಲ್ಲ. ಒಬ್ಬರೇ ಹನ್ನೊಂದು ಸಲ ಮಾಡಿದ್ದೂ ಅಲ್ಲ, ಒಂಬತ್ತು ಬೇರೆ ಬೇರೆ ನಂಬರು.

ಒಂದು ಮಿಸ್ಡ್ ಕಾಲ್ ಆಗಿದ್ದರೆ ಮೋಸ ಅಂತ ಬಿಡಬಹುದಿತ್ತು. ಹನ್ನೊಂದು ಅಂದರೆ ಎದೆ ಧಸಕ್ಕೆನ್ನುತ್ತದೆ. ಮನೆಯವರನ್ನು ಒಬ್ಬೊಬ್ಬರನ್ನಾಗಿ ಮನಸ್ಸಲ್ಲೇ ಎಣಿಸಿದೆ. ಇವರು ಇಲ್ಲೇ ಇದ್ದಾರೆ, ಅವರು ಒಂಬತ್ತಕ್ಕೆ ಮೆಸೇಜ್ ಹಾಕಿದ್ದರು, ಇನ್ನೊಬ್ಬರು? ಇನ್ನೊಬ್ಬರಿಗೆ ಫೋನ್ ಮಾಡಿ, ಏನೂ ಇಲ್ಲ, ಸುಮ್ನೆ ಮಾಡ್ದೆ ಅಂದೆ. ಸುಮ್ಮನೆ ಫೋನ್ ಮಾಡುವ ಜನ ನಾನಲ್ಲ ಎಂದು ಅವರಿಗೆ ಗೊತ್ತು. ಏನಾಯ್ತು, ಹೇಳು ಎಂದು ಅವರೇ ಗಾಬರಿಯಾದರು.

ಆಮೇಲೆ ಆ ನಂಬರುಗಳನ್ನು ಮತ್ತೊಮ್ಮೆ ನೋಡಿದೆ. ಒಂಬತ್ತರಲ್ಲಿ ಏಳರ ಮೊದಲ ಐದು ಅಂಕಿ ಒಂದೇ. ಎಲ್ಲೋ ನೋಡಿದ ಹಾಗಿದೆಯಲ್ಲ ಅನ್ನಿಸಿತು. ನೋಡದೆ ಇರುತ್ತೇನಾ? ಅವು ನನ್ನದೇ ನಂಬರಿನ ಮೊದಲ ಐದು ಅಂಕಿಗಳು.

ಕೈಯಲ್ಲಿದ್ದಾಗಲೇ ಫೋನು ಮತ್ತೆ ಮಿನುಗಿತು. ಎತ್ತಿದೆ.

"ಹಲೋ, ನಿಮ್ಮ ನಂಬರಿಂದ ಮಿಸ್ಡ್ ಕಾಲ್ ಇತ್ತು."

"ನಾನು ಮಾಡಿಲ್ಲ."

"ಇಲ್ಲೇ ಇದೆಯಲ್ರೀ. ಓದ್ಲಾ?"

ಓದಿದರು. ನಾನು ನನ್ನ ನಂಬರನ್ನು ಐದೈದಾಗಿ ಹೇಳುತ್ತೇನೆ. ಅವರು ಎರಡೆರಡಾಗಿ ಓದಿದರು. ಅರ್ಧ ದಾಟುವವರೆಗೂ ಅದು ನನ್ನದೇ ಎಂದು ಹೊಳೆಯಲಿಲ್ಲ. ಕೊನೆಯ ಎರಡಂಕಿ ಬಂದಾಗ ಬೇರೆ ದಾರಿ ಇರಲಿಲ್ಲ. ಹೌದು, ನನ್ನದೇ, ಆದರೆ ನಾನು ಮಾಡಿಲ್ಲ ಎಂದೆ. ಹೇಳುತ್ತಿದ್ದ ಹಾಗೇ ನನ್ನ ಮಾತು ಎಷ್ಟು ಕಳ್ಳತನದ್ದಾಗಿ ಕೇಳಿಸುತ್ತಿದೆ ಎಂದು ನನಗೇ ಗೊತ್ತಾಯಿತು. ಅವರು ಹೂಂ ಎಂದು ಎಳೆದು, ಫೋನಿಟ್ಟರು.

ಕರೆಗಳ ಪಟ್ಟಿ ತೆಗೆದು ನೋಡಿದೆ. ನಾನು ಮಾಡಿದ್ದು ಅದೊಂದೇ ಕರೆ, ಮನೆಯವರಿಗೆ. ಫೋನೇ ಹ್ಯಾಕ್ ಆಗಿದೆಯಾ ಎಂಬ ಭಯ ಶುರುವಾಯಿತು. ಕಸ್ಟಮರ್ ಕೇರ್‌ಗೆ ಮಾಡಿದೆ. ಅಲ್ಲಿದ್ದ ಹುಡುಗಿಗೆ ಇದು ದಿನಾ ಕೇಳುವ ಕಥೆ ಇರಬೇಕು, ನಾನು ಮುಗಿಸುವ ಮೊದಲೇ ಉತ್ತರ ಕೊಟ್ಟಳು. ನಿಮ್ಮ ಫೋನಿಗೂ ಸಿಮ್ಮಿಗೂ ಏನೂ ಆಗಿಲ್ಲ, ಬೇರೆ ಯಾರೋ ಕರೆ ಮಾಡುವಾಗ ನಿಮ್ಮ ನಂಬರ್ ತೋರಿಸ್ತಿದ್ದಾರೆ, ಅವರು ನಂಬರ್ ಬದಲಾಯಿಸ್ತಾನೇ ಇರ್ತಾರೆ, ತಾನಾಗೇ ನಿಲ್ಲುತ್ತೆ. ತಡೆಯೋಕೆ ಏನಾದ್ರೂ ಮಾಡಬಹುದಾ ಎಂದೆ. ಸ್ವಲ್ಪ ಕಾಯಿರಿ ಎಂದಳು. ಲೈನಲ್ಲಿ ಕಾಯಬೇಕೋ, ದಿನಗಟ್ಟಲೆ ಕಾಯಬೇಕೋ ಗೊತ್ತಾಗಲಿಲ್ಲ. ಎರಡನೆಯದೇ ಆಗಿತ್ತು.

ಆಮೇಲೆ ಓದಿ ತಿಳಿದುಕೊಂಡಿದ್ದು ಇಷ್ಟು. ಶಾಲೆಯಲ್ಲಿ ಪತ್ರ ಬರೆಯಲು ಕಲಿಸುವಾಗ ಮೇಲೆ 'ಇಂದ' ಅಂತ ಬರೆಸುತ್ತಿದ್ದರಲ್ಲ, ಕೆಳಗೆ 'ಗೆ'. ಫೋನಿನ ಕರೆಯಲ್ಲೂ ಹಾಗೇ. 'ಗೆ' ಸರಿಯಿಲ್ಲದಿದ್ದರೆ ಕರೆ ತಲುಪುವುದೇ ಇಲ್ಲ. 'ಇಂದ' ಮಾತ್ರ ಕಳಿಸುವವರು ತುಂಬಿದ್ದೇ ಸೈ. ಹಿಂದೆ ಕೆಲವೇ ದೊಡ್ಡ ಕಂಪನಿಗಳು ಒಬ್ಬರನ್ನೊಬ್ಬರು ನಂಬಿಕೊಂಡು ನಡೆಸುತ್ತಿದ್ದ ವ್ಯವಸ್ಥೆ ಅದು. ಸುಳ್ಳು ಬರೆಯುತ್ತಾರೆ ಎಂದು ಯಾರೂ ಅಂದುಕೊಂಡಿರಲಿಲ್ಲ. ಇಂಟರ್ನೆಟ್ ಮೂಲಕ ಕರೆ ಮಾಡುವುದು ಬಂದ ಮೇಲೆ ಯಾರು ಬೇಕಾದರೂ ಆ ಜಾಗದಲ್ಲಿ ಏನು ಬೇಕಾದರೂ ಬರೆಯುವ ಹಾಗಾಯಿತು. ಇದಕ್ಕೆ ಸ್ಪೂಫಿಂಗ್ ಎನ್ನುತ್ತಾರೆ. ಅಮೆರಿಕದಲ್ಲಿ ದೊಡ್ಡ ಫೋನ್ ಕಂಪನಿಗಳು ಇಂಟರ್ನೆಟ್ ಮೂಲಕ ಹೋಗುವ ಕರೆಗಳ 'ಇಂದ'ಕ್ಕೆ ಡಿಜಿಟಲ್ ಸಹಿ ಹಾಕಲೇಬೇಕು ಎಂಬ ನಿಯಮ 2021ರ ಜೂನ್ 30ರಿಂದ ಜಾರಿಗೆ ಬಂತು. ಅಷ್ಟಾದರೂ ಅಲ್ಲಿ ಇಂಥ ಕರೆಗಳು ನಿಂತಿಲ್ಲ.

ಮೊದಲ ಐದು ಅಂಕಿಯ ಗುಟ್ಟೂ ಆಗ ಬಿಚ್ಚಿಕೊಂಡಿತು. ತಮ್ಮ ನಂಬರನ್ನೇ ಹೋಲುವ ನಂಬರಿಂದ ಕರೆ ಬಂದರೆ ಜನ ಎತ್ತುವುದು ಜಾಸ್ತಿ, ಯಾರೋ ಹತ್ತಿರದವರೇ ಇರಬೇಕು ಅನ್ನಿಸುತ್ತದೆ. ಅದಕ್ಕೇ ನನ್ನ ಹಾಗೇ ಶುರುವಾಗುವ ನಂಬರುಗಳಿಗೆ ನನ್ನ ಹೆಸರಲ್ಲಿ, ಅಂದರೆ ನನ್ನ ಅಂಕಿಯಲ್ಲಿ, ಕರೆ ಹೋಗಿತ್ತು. ಎತ್ತಿದವರಿಗೆ ಅವರು ಏನು ಹೇಳಿದರೋ ದೇವರೇ ಬಲ್ಲ. ಎತ್ತದವರು ನನಗೆ ವಾಪಸ್ ಮಾಡುತ್ತಿದ್ದರು.

ಮಧ್ಯಾಹ್ನವಿಡೀ ಅದೇ ಆಯಿತು. ಒಬ್ಬರು ಎತ್ತಿದ ಕೂಡಲೇ ಬೈದರು. ನಿನ್ನೆ ಓಟಿಪಿ ಕೇಳಿದ್ದು ನೀನೇ ತಾನೇ ಎಂದರು. ಇನ್ನೊಬ್ಬರು ಏನೂ ಮಾತಾಡದೆ ಉಸಿರಾಡುತ್ತಾ ಇದ್ದರು, ನಾನೂ ಸುಮ್ಮನಿದ್ದೆ. ಇಬ್ಬರೂ ಒಬ್ಬರನ್ನೊಬ್ಬರು ಕಳ್ಳರು ಅಂದುಕೊಂಡು ಹತ್ತು ಸೆಕೆಂಡು ಕಾದೆವು. ಒಂದು ಮಗು ಮಾಡಿ, ಅಪ್ಪ ನಿಮ್ಮನ್ನ ಬ್ಲಾಕ್ ಮಾಡು ಅಂದ್ರು, ಹೇಗೆ ಮಾಡೋದು ಎಂದು ನನ್ನನ್ನೇ ಕೇಳಿತು. ಹೇಳಿಕೊಟ್ಟೆ.

ಮೂರು ಗಂಟೆಯ ಹೊತ್ತಿಗೆ ಬಾಯಿ ನೋಯುತ್ತಿತ್ತು. ಒಂದು ಮೆಸೇಜ್ ಬರೆದಿಟ್ಟುಕೊಂಡೆ: 'ನಾನು ನಿಮಗೆ ಕರೆ ಮಾಡಿಲ್ಲ. ಯಾರೋ ನನ್ನ ನಂಬರ್ ತೋರಿಸಿ ಮೋಸ ಮಾಡುತ್ತಿದ್ದಾರೆ. ಅವರಿಗೆ ಯಾವ ವಿವರವನ್ನೂ ಕೊಡಬೇಡಿ.' ಎತ್ತಲಾಗದ ಕರೆಗಳಿಗೆಲ್ಲ ಇದನ್ನೇ ಕಳಿಸಿದೆ. ಒಬ್ಬರಿಂದ ಉತ್ತರ ಬಂತು: 'ಸರಿ. ಆದ್ರೆ ಯಾಕೆ ಕಾಲ್ ಮಾಡಿದ್ರಿ?'

ನಂಬರಿಗೆ ಹೆಸರು ತೋರಿಸುವ ಆ್ಯಪುಗಳಿವೆಯಲ್ಲ, ಅಲ್ಲಿ ಜನ ದೂರು ಕೊಟ್ಟಷ್ಟೂ ನಂಬರಿಗೆ ಕೆಂಪು ಬಣ್ಣ ಏರುತ್ತದೆ. ಸಂಜೆ ಗೆಳೆಯನೊಬ್ಬನಿಗೆ ಈ ಗೋಳು ಹೇಳಿಕೊಳ್ಳೋಣ ಎಂದು ಕರೆ ಮಾಡಿದೆ. ಎತ್ತಲಿಲ್ಲ. ಆಮೇಲೆ ನಗುತ್ತಾ ಅವನೇ ಮಾಡಿದ. ಇನ್ನೊಂದು ಫೋನಿನಲ್ಲಿ ನನ್ನ ಹೆಸರು ಸೇವ್ ಇರಲಿಲ್ಲವಂತೆ, ಪರದೆ ತುಂಬ ಕೆಂಪು ಬಂದು 'ಸ್ಪ್ಯಾಮ್' ಎಂದಿತಂತೆ. ಮೂವತ್ತು ಜನರನ್ನು ಸಮಾಧಾನ ಮಾಡಿ ಗಳಿಸಿದ ಹೆಸರು.

ರಾತ್ರಿ ಎಂಟೂವರೆಗೆ ಇನ್ನೊಂದು ಕರೆ. ಇದೇ ಕೊನೆ, ಆಮೇಲೆ ಸ್ವಿಚ್ ಆಫ್ ಎಂದುಕೊಂಡು ಎತ್ತಿದೆ. ಚಿಕ್ಕ ವಯಸ್ಸಿನ ದನಿ. ಹೇಳಬೇಕಾದ್ದನ್ನು ಮೊದಲೇ ಒಂದೆರಡು ಸಲ ಹೇಳಿಕೊಂಡು ನೋಡಿದ ಹಾಗಿತ್ತು.

"ನಮಸ್ಕಾರ. ಬೆಳಗ್ಗೆ ನೀವು ಕರೆ ಮಾಡಿದ್ರಿ, ನನಗೆ ಎತ್ತೋಕಾಗ್ಲಿಲ್ಲ, ಸಾರಿ. ಇಂಟರ್‌ವ್ಯೂ ಬಗ್ಗೆ ಅಲ್ವಾ?"

ಬೆಳಗ್ಗೆಯಿಂದ ಹೇಳಿ ಹೇಳಿ ಬಾಯಿಪಾಠವಾಗಿದ್ದ ಮಾತು ಹೊರಬರಲಿಲ್ಲ. "ಅಲ್ಲ" ಎಂದಷ್ಟೇ ಅಂದೆ.

ಆ ಕಡೆ ಸ್ವಲ್ಪ ಹೊತ್ತು ಮೌನ. "ಅಂದ್ರೆ ಸೆಲೆಕ್ಟ್ ಆಗಿಲ್ವಾ?"

ಅಯ್ಯೋ, ಹಾಗಲ್ಲ, ನಾನು ಆ ಆಫೀಸಿನವನೇ ಅಲ್ಲ ಎಂದು ಗಡಿಬಿಡಿಯಲ್ಲಿ ಎಲ್ಲ ಹೇಳಿದೆ. ಬೆಳಗ್ಗೆಯಿಂದ ಯಾರಿಗೂ ಅಷ್ಟು ನಿಧಾನವಾಗಿ, ಮೊದಲಿಂದ ಕೊನೆಯವರೆಗೆ ಹೇಳಿರಲಿಲ್ಲ. ಪೂರ್ತಿ ಕೇಳಿಸಿಕೊಂಡಳು.

"ಹಾಗಾದ್ರೆ ಅವರು ಇನ್ನೂ ಕರೆ ಮಾಡಬಹುದು, ಅಲ್ವಾ?"

"ಮಾಡಬಹುದು. ಖಂಡಿತ ಮಾಡಬಹುದು" ಎಂದೆ. ಯಾವ ಆಫೀಸು, ಏನು ಕೆಲಸ, ನನಗೇನು ಗೊತ್ತು.

"ಸರಿ, ಇಡ್ತೀನಿ. ಅವರು ಮಾಡಿದ್ರೆ ಲೈನ್ ಬ್ಯುಸಿ ಬರುತ್ತೆ" ಎಂದು ನಾನು ಹೂಂ ಅನ್ನುವ ಮೊದಲೇ ಇಟ್ಟುಬಿಟ್ಟಳು.