ಸೊಸೆಗೊಂದು ಕೌದಿ: ಏಳನೇ ವಾರ

ಈ ವಾರ ಹೊಲಿದಿದ್ದಕ್ಕಿಂತ ಬಿಚ್ಚಿದ್ದೇ ಜಾಸ್ತಿ.

ಯಾರಿಗೆ ಈ ಕೌದಿ ಅಂತ ಇಲ್ಲಿವರೆಗೂ ಬರೆದಿರಲಿಲ್ಲ. ಈಗ ಅವಳೇ ಬರಿ ಅಂದಿದ್ದಾಳೆ. ಅಣ್ಣನ ಮಗು. 24 ವರ್ಷ ನಾನು ಅಳಿಯ ಅಂತ ಆಡಿಸಿದ ಕೂಸು. ಯುಗಾದಿಗೆ ಬೆಂಗಳೂರಿಂದ ತುಮಕೂರಿಗೆ ಬಂದಾಗ, ಒಬ್ಬಟ್ಟು ತಟ್ಟುತ್ತಿದ್ದ ನನ್ನ ಪಕ್ಕ ಕೂತು, "ಅತ್ತೆ, ನಾನು ಹುಡುಗಿ" ಅಂತು. ಕಾವಲಿ ಮೇಲಿದ್ದ ಒಬ್ಬಟ್ಟು ಸೀದು ಹೋಯಿತು. ಅಳಿಯ ಸೊಸೆಯಾದಳು.

ನಾಲಿಗೆ ಮಾತ್ರ ಕೇಳುವುದಿಲ್ಲ. ಫೋನಲ್ಲಿ "ಏನೋ" ಅಂತ ಶುರು ಮಾಡಿ "ಏನೇ" ಅಂತ ತಿದ್ದಿಕೊಳ್ಳುತ್ತೇನೆ. ಪಕ್ಕದ ಮನೆಯವರ ಹತ್ತಿರ "ಬಂದಿದ್ದ" ಅಂತ ಹೊರಟುಬಿಡುತ್ತೆ. ನಮ್ಮ ಕನ್ನಡದಲ್ಲಿ ಬಂದೋರು ಗಂಡೋ ಹೆಣ್ಣೋ ಅಂತ ಹೇಳದೆ ಮಾತೇ ಮುಗಿಯಲ್ಲ, ಅಲ್ವಾ? ಕೈಗೆ ಆ ಕಷ್ಟ ಇಲ್ಲ. ಅದಕ್ಕೇ ಸೂಜಿ ಹಿಡಿದೆ.

ನಾವು ಯಾರು ಅಂತ ಹೇಳುವ ಹಕ್ಕು ನಮ್ಮದೇ ಅಂತ 2014ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆಯಂತೆ. ಅವಳೇ ವಿವರಿಸಿದಳು. ಸರಿ, ಆದರೆ ಕೋರ್ಟಿನ ಆದೇಶ ಹೊದ್ದು ಮಲಗೋಕಾಗುತ್ತಾ?

ಐದು ಪಟ್ಟಿ. ತಿಳಿನೀಲಿ, ಗುಲಾಬಿ, ಬಿಳಿ, ಮತ್ತೆ ಗುಲಾಬಿ, ಮತ್ತೆ ತಿಳಿನೀಲಿ. ಇದು ಟ್ರಾನ್ಸ್‌ಜೆಂಡರ್ ಬಾವುಟದ ಬಣ್ಣ. 1999ರಲ್ಲಿ ಅಮೆರಿಕದ ಮೋನಿಕಾ ಹೆಲ್ಮ್ಸ್ ಮಾಡಿದ್ದು. ಹೇಗೆ ತಿರುಗಿಸಿ ಹಿಡಿದರೂ ಅದು ತಲೆಕೆಳಗಾಗುವುದಿಲ್ಲ. ಕೌದಿಗೆ ಇದಕ್ಕಿಂತ ಇನ್ನೇನು ಬೇಕು? ನಿದ್ದೆಗಣ್ಣಲ್ಲಿ ಯಾವ ಕಡೆ ಎಳೆದುಕೊಂಡರೂ ಸರಿ. ಒಂದೊಂದು ಪಟ್ಟಿ 12 ಇಂಚು ಅಗಲ, 7 ಅಡಿ ಉದ್ದ. ಗುಲಾಬಿ ಅಮ್ಮನ ಹತ್ತಿ ಸೀರೆ, ಬಿಳಿ ಅಪ್ಪನ ಪಂಚೆ. ಒಳಗೆ ನನ್ನವೇ ಎರಡು ಹಳೇ ಸೀರೆ. ಅಮ್ಮ ಇದನ್ನು ಬೊಂತೆ ಅನ್ನುತ್ತಿದ್ದಳು.

ನೀಲಿಗೆ ಮನೆಯಲ್ಲಿ ಬಟ್ಟೆ ಸಿಗದೆ ಹೊಸದು ತಂದಿದ್ದೆ. ತಪ್ಪು ಅಲ್ಲೇ ಆಯಿತು. ಹಳೇ ಬಟ್ಟೆಯ ಬಣ್ಣ ಬಿಡುವುದೆಲ್ಲ ಎಂದೋ ಬಿಟ್ಟಾಗಿರುತ್ತೆ. ಹೊಸದನ್ನು ಮೊದಲೇ ಬೇರೆಯಾಗಿ ನೆನೆಸಿ ಒಗೆಯಬೇಕಿತ್ತು. ಸೋಮವಾರ ಕಿಟಕಿಯಿಂದ ಇರಚಲು ಬಡಿದು, ನೀಲಿ ಬಣ್ಣ ಗುಲಾಬಿ ದಾಟಿ ಅಪ್ಪನ ಪಂಚೆಗೂ ಇಳಿಯಿತು. ಗುಲಾಬಿಯಲ್ಲಿ ಅಷ್ಟು ಕಾಣಲ್ಲ, ಬಿಟ್ಟೆ. ಬಿಳಿ ಪಟ್ಟಿಯ ಹೊಲಿಗೆಯನ್ನು ಎರಡು ರಾತ್ರಿ ಕೂತು ಬಿಚ್ಚಿದೆ. ಪಂಚೆಯಲ್ಲಿ ಉಳಿದಿದ್ದ ತುಂಡು ಸರಿಯಾಗಿ ಒಂದು ಪಟ್ಟಿಗೆ ಸಾಕಾಯಿತು. ನೀಲಿಯನ್ನೂ ಬಿಚ್ಚಿ, ನೀರು ತಿಳಿಯಾಗುವ ತನಕ ಒಗೆದು ಹಾಕಿದೆ.

ಮೂಲೆಗೆ ಹೂ ಇಡಬೇಕು. ಹಳಿಯಾಳ, ಯಲ್ಲಾಪುರದ ಕಡೆ ಸಿದ್ದಿ ಹೆಂಗಸರು ಕೌದಿಯ ಮೂಲೆಗಳಲ್ಲಿ ಬಟ್ಟೆ ಮಡಿಸಿ ಹೂ ಮಾಡುತ್ತಾರೆ. ಅದಿಲ್ಲದಿದ್ದರೆ ಕೌದಿ ಬೆತ್ತಲೆ ಅಂತ ಅವರ ಲೆಕ್ಕ. ನನ್ನದು ಇನ್ನೂ ಹೂವಾಗಿಲ್ಲ, ಸಮೋಸದ ಥರ ಕಾಣುತ್ತಿದೆ.

ಅಣ್ಣನ ವಿಷಯ. ಮಂಡಿಪೇಟೆಯಲ್ಲಿ ಅವನದು ಟೈಲರ್ ಅಂಗಡಿ. ಯುಗಾದಿಯಿಂದ ಮಗಳ ಮಾತೇ ಎತ್ತಿಲ್ಲ. ಈ ಕೌದಿ ಯಾರಿಗೆ ಅಂತಲೂ ಕೇಳಿಲ್ಲ. ನಡುಮನೆಯಲ್ಲಿ ಹರಡಿಕೊಂಡು ಕೂತರೆ ದಾಟಿಕೊಂಡು ಹೋಗುತ್ತಾನೆ, ಅಷ್ಟೇ. ಒಂದು ಸಲ ಮಾತ್ರ, "ಗೆರೆ ಸೊಟ್ಟ" ಅಂದಿದ್ದ.

ಗುರುವಾರ ಬೆಳಿಗ್ಗೆ ನೋಡುತ್ತೇನೆ, ಹೊಸ ಬಿಳಿ ಪಟ್ಟಿಯ ಮೇಲೆ ಉದ್ದಕ್ಕೂ ನೀಲಿ ಸೀಮೆಸುಣ್ಣದ ಗೆರೆ. ಒಂದೊಂದು ಬೆರಳು ಬಿಟ್ಟು, ಒಟ್ಟು 14. ಸ್ಕೇಲಿಟ್ಟು ಎಳೆದಿದ್ದು. ಸುಕ್ಕಾಗದಿರಲಿ ಅಂತ ನಾಲ್ಕು ಮೂಲೆಗೂ ಗುಂಡುಪಿನ್ನು ಚುಚ್ಚಿದ್ದಾನೆ. ತಿಂಡಿಗೆ ಕೂತಾಗ ನಾನೂ ಏನೂ ಕೇಳಲಿಲ್ಲ. ಅವನು ಚಿತ್ರಾನ್ನಕ್ಕೆ ಉಪ್ಪು ಕಮ್ಮಿ ಅಂದ.

ಸೀಮೆಸುಣ್ಣ ಅಳಿಸಿಹೋಗುವ ಮುಂಚೆ ಹೊಲಿಯಬೇಕು. ಇವತ್ತಿಗೆ ಮೂರು ಗೆರೆ ಆಯಿತು. ಇನ್ನು 11.